ಗ್ರೇವಿ ಫೇಲಾದ ದಿನ

ಎಲ್ಲ ಎಡವಟ್ಟಿಗೂ ಕಾರಣ ಹನ್ನೊಂದನೇ ಪುಟ.

ಅಂಗವಿಕಲರಿಗೆ ನೆರವಾಗಲೆಂದು ನಾಯಿಮರಿ ಸಾಕಿ ಪಳಗಿಸುವ ಕೈದಿಗಳಿಗೆ ಹಾರ್ಲನ್ ಕ್ರೀಕ್ ಜೈಲಿನವರು ಒಂದು ಕೈಪಿಡಿ ಕೊಡುತ್ತಾರೆ. ಅದನ್ನು ಯಾರೂ ಎರಡನೇ ಪುಟ ದಾಟಿ ಓದಿದ ದಾಖಲೆ ಇಲ್ಲ. ಮೊದಲ ಪುಟದಲ್ಲಿ ನಾಯಿಯ ಚಿತ್ರವಿದೆ, ಎರಡನೆಯದರಲ್ಲಿ ಅದಕ್ಕೆ ಎಷ್ಟು ಹೊತ್ತಿಗೆ ಊಟ ಎಂದಿದೆ. ಅಷ್ಟು ಸಾಲದೇ? ಆದರೆ ಸೆಪ್ಟೆಂಬರಿನಲ್ಲಿ ಆರ್ಲೋ ಫಿಂಕ್‌ಗೆ ನಾಲ್ಕು ದಿನ ಜ್ವರ ಬಂತು. ಓದಲು ಬೇರೇನೂ ಸಿಗದೆ ಅವನು ಹನ್ನೊಂದನೇ ಪುಟದವರೆಗೂ ಹೋಗಿಬಿಟ್ಟ. ಅಲ್ಲಿ ಹೀಗೆ ಬರೆದಿತ್ತು: 'ಅಂತಿಮ ಪರೀಕ್ಷೆಯಲ್ಲಿ ನಪಾಸಾಗಿ ಯಾವ ಕೆಲಸಕ್ಕೂ ಒದಗದ ನಾಯಿಯನ್ನು, ಅದನ್ನು ಸಾಕಿದ ಕೈದಿಯ ಬಿಡುಗಡೆ ಹತ್ತಿರವಿದ್ದಲ್ಲಿ, ಮೊದಲು ಆತನಿಗೇ ಕೊಡತಕ್ಕದ್ದು.'

ಅಂದಿಗೆ ಅವನ ಬಿಡುಗಡೆಗೆ ಒಂಬತ್ತು ವಾರ ಬಾಕಿ ಇತ್ತು. ಆ ಸಾಲು ಓದಿದ್ದೇ ಜ್ವರ ಬಿಟ್ಟಿತು, ಜೊತೆಗೆ ನಿದ್ದೆಯೂ ಬಿಟ್ಟಿತು.

ಆರ್ಲೋ ಕೆಟ್ಟವನಲ್ಲ. ಮೂರು ವರ್ಷದ ಹಿಂದೆ ಒಂದು ಚಳಿಗಾಲದ ಸಂಜೆ ವಿಸ್ಕಿ ಏರಿಸಿ, ರಸ್ತೆಯ ಹಿಮ ತೆಗೆಯಲೆಂದು ಕೌಂಟಿಯವರು ಇಟ್ಟಿದ್ದ ಲಾರಿಯನ್ನು ಯಾರನ್ನೂ ಕೇಳದೆ ಹತ್ತಿದ್ದ. ಊರಿನ ಹಿಮವನ್ನೆಲ್ಲ ಧರ್ಮಕ್ಕೆ ತೆಗೆಯುತ್ತಾ ಹೋಗಿ, ಅದೇ ಹುರುಪಿನಲ್ಲಿ ಒಂದು ಗ್ಯಾರೇಜನ್ನೂ ತೆಗೆದುಬಿಟ್ಟಿದ್ದ. ಅದು ಜಡ್ಜ್ ಸಾಹೇಬರ ಭಾವಮೈದುನನ ಗ್ಯಾರೇಜು. ಬೇರೆ ಯಾರದ್ದೋ ಆಗಿದ್ದರೆ ಎರಡು ವರ್ಷಕ್ಕೆ ಮುಗಿಯುತ್ತಿತ್ತೇನೋ. ಇದಕ್ಕೆ ಐದು ವರ್ಷ ಬಿತ್ತು. ಅದರಲ್ಲಿ ಒಳ್ಳೆಯ ನಡತೆಗೆಂದು ಸ್ವಲ್ಪ ಕಳೆದು, ನಾಯಿ ಸಾಕಿದ್ದಕ್ಕೆಂದು ಮತ್ತೆ ತೊಂಬತ್ತು ದಿನ ಕಳೆದು, ನವೆಂಬರ್ ಕೊನೆಯ ವಾರ ಹೊರಗೆ ಎಂದು ತೀರ್ಮಾನವಾಗಿತ್ತು.

ಹೊರಗೆ ಅಂದರೆ ನದಿಯ ಪಕ್ಕ, ಗಾಲಿಗಳ ಮೇಲೆ ನಿಂತ ಒಂದು ಟ್ರೇಲರ್ ಮನೆ. ಹೆಂಡತಿ ಅವನನ್ನು ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು. ಗೇಟಿನ ಹತ್ತಿರ ಅವನಿಗಾಗಿ ಕಾಯುವವರು ಯಾರೂ ಇರಲಿಲ್ಲ. ಒಳಗೆ ಮಾತ್ರ ಒಂದು ಜೀವ ಇತ್ತು. ಹದಿನಾರು ತಿಂಗಳ ಹಿಂದೆ ಬೂಟಿನಷ್ಟು ದೊಡ್ಡದಿದ್ದಾಗ ಕೈಗೆ ಬಂದ ಕರಿಯ ಲ್ಯಾಬ್ರಡಾರ್ ಮರಿ. ಬಂದ ದಿನವೇ ಊಟದ ತಟ್ಟೆಯ ಗ್ರೇವಿಯೊಳಗೆ ಬಿದ್ದಿದ್ದರಿಂದ ಅದಕ್ಕೆ ಗ್ರೇವಿ ಎಂದು ಹೆಸರಾಯಿತು. ಅದು ಆರ್ಲೋನ ಮಂಚದ ಪಕ್ಕದಲ್ಲೇ ಮಲಗಿ ಅವನ ಜೊತೆಯಲ್ಲೇ ಎದ್ದು ಬೆಳೆಯಿತು. ಪರೀಕ್ಷೆ ಪಾಸಾದರೆ ಗಾಲಿಕುರ್ಚಿಯಲ್ಲಿರುವ ಯಾರದೋ ಮನೆಗೆ ಹೋಗುತ್ತದೆ, ಮತ್ತೆ ಈ ಜನ್ಮದಲ್ಲಿ ಕಾಣಿಸುವುದಿಲ್ಲ. ಅದನ್ನು ನೆನೆಸಿಕೊಂಡು ಆರ್ಲೋ ರಾತ್ರಿ ಎದ್ದು ಕೂತು ಗ್ರೇವಿಯ ತಲೆ ಸವರುತ್ತಿದ್ದ. ಗಾಲಿಕುರ್ಚಿಯವರನ್ನು ನೆನೆದರೆ ನಾಚಿಕೆಯೂ ಆಗುತ್ತಿತ್ತು. 'ಅವರಿಗೆ ಇನ್ನೊಂದು ನಾಯಿ ಸಿಗುತ್ತೆ ಬಿಡು' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಗ್ರೇವಿಯನ್ನು ಫೇಲು ಮಾಡಿಸುವ ಕೆಲಸಕ್ಕೆ ಕೂತ.

ಇದು ಹೊರಗೆ ಬಾಯಿಬಿಡುವಂಥ ವಿಷಯವಲ್ಲ. ಆರ್ಲೋ ಇದ್ದ ಸಿ-ಹೌಸ್ ಎಂಬ ವಿಭಾಗದಲ್ಲಿ ಸಾಕಿದ ನಾಯಿಗಳು ಸಾಲಾಗಿ ಮೂರು ಫೇಲಾಗಿದ್ದವು. 'ನಾಲ್ಕನೆಯದೂ ದಂಡವಾದ್ರೆ ಮರಿಗಳನ್ನೆಲ್ಲ ಡಿ-ಹೌಸಿಗೆ ಕೊಡ್ತೀನಿ. ಕೆಲಸಕ್ಕೆ ಸೇರಿದ್ರೆ ಹೌಸ್ ಪೂರ್ತಿಗೆ ಚೆರ್ರಿ ಪೈ' ಎಂದು ಅಲ್ಲಿನ ಕಾವಲಿನ ಸಾರ್ಜೆಂಟ್ ವೀಲ್ಯಾಂಡ್ ಘೋಷಿಸಿದ್ದರು. ಆವತ್ತಿನಿಂದ ನಲವತ್ತೆಂಟು ಜನ ಗ್ರೇವಿಯ ವಿದ್ಯಾಭ್ಯಾಸದ ಜವಾಬ್ದಾರಿ ಹೊತ್ತಿದ್ದರು. ಸ್ವಂತ ಮಕ್ಕಳ ಶಾಲೆಯ ಬಾಗಿಲು ನೋಡದವರೂ ಈ ನಾಯಿಗೆ ಪಾಠ ಹೇಳುತ್ತಿದ್ದರು.

ಪರೀಕ್ಷೆಯ ಗುರುವಾರ ಬಂತು. ಬೆಳಿಗ್ಗೆ ಆರರ ತಲೆ ಎಣಿಕೆಗೆ ಎಲ್ಲರೂ ಮಂಚದ ಪಕ್ಕ ನಿಂತರು, ಗ್ರೇವಿಯೂ ಆರ್ಲೋನ ಪಕ್ಕ ನೆಟ್ಟಗೆ ಕೂತಿತು. ಸಾರ್ಜೆಂಟ್ ವೀಲ್ಯಾಂಡ್ ಎಂದಿನಂತೆ ಅದನ್ನೂ ಎಣಿಸಿ, ಎಂದಿನಂತೆ ಒಂದು ಹೆಚ್ಚು ಬಂದು, ಮತ್ತೆ ಮೊದಲಿನಿಂದ ಎಣಿಸಿದರು.

ಎಣಿಕೆ ಮುಗಿದ ಮೇಲೆ ಆರ್ಲೋ ಗ್ರೇವಿಯ ಬೆಳಗಿನ ಊಟವನ್ನು ತಟ್ಟೆಗೆ ಸುರಿಯುವ ಹಾಗೆ ನಟಿಸಿ ದಿಂಬಿನ ಚೀಲಕ್ಕೆ ಸುರಿದ. ಮೊದಲ ಪರೀಕ್ಷೆ ನೆಲದ ಮೇಲಿನ ತಿಂಡಿಯನ್ನು ಮುಟ್ಟದೆ ದಾಟುವುದು. ಹಸಿದ ಲ್ಯಾಬ್ರಡಾರ್ ಸಾಸೇಜ್ ಬಿಟ್ಟು ಮುಂದೆ ಹೋಗುವುದುಂಟೇ? ಆಮೇಲೆ ಅವನು ತನ್ನ ಎಡಗಾಲಿನ ಸಾಕ್ಸಿನೊಳಗೆ ಎರಡು ಚಮಚ ಪೀನಟ್ ಬಟರ್ ಸವರಿಕೊಂಡ. ಇದು ಎರಡನೇ ಪರೀಕ್ಷೆಗೆ.

"ಏನ್ ಮರಿ ಅದು, ಕಾಲಿಗೆ ಮುಲಾಮು?" ಎಂದು ಮೇಲಿನ ಮಂಚದಿಂದ ರೂಫಸ್ ಬೆಲ್ ಇಣುಕಿದ. ರೂಫಸ್‌ಗೆ ಅರವತ್ತೆಂಟು ವಯಸ್ಸು, ಮೂವತ್ತೊಂದು ವರ್ಷದಿಂದ ಒಳಗೇ ಇದ್ದಾನೆ. ಹೊರಗೆ ಹೋಗುವ ಯೋಚನೆ ಇಲ್ಲದ್ದರಿಂದ ಒಳಗಿನ ಸಮಸ್ತ ವಿಷಯವೂ ಅವನಿಗೆ ಬೇಕು.

"ಪಾದ ಒಡೆದಿದೆ."

"ಕಡಲೆಕಾಯಿ ವಾಸನೆ ಬರ್ತಿದೆ."

"ಹೊಸ ಮುಲಾಮು."

"ಹ್ಞೂಂ. ಒಳ್ಳೇದು." ರೂಫಸ್ ಕೆಳಗಿಳಿದ. "ನಮ್ಮ ಆಸ್ಪತ್ರೆ ವಾರ್ಡಿನ ಎರಡನೇ ನಾಯೀನೂ ಓಡಿಹೋಯ್ತಂತೆ, ಕೇಳಿದ್ಯಾ? ಅಡಿಗೆ ಸಾಮಾನಿನ ಲಾರಿ ಬಂದಾಗ ಗೇಟು ತೆಗೆದಿದ್ರಂತೆ. ಕತ್ತೆತ್ತಿ ನೋಡಿದ್ರೆ ನಾಯಿ ನಾಪತ್ತೆ. ಹೆದ್ದಾರೀಲಿ ಬರ್ಗರ್ ಅಂಗಡಿ ಮುಂದೆ ಕ್ಯೂನಲ್ಲಿ ನಿಂತಿತ್ತಂತೆ."

"ಪುಣ್ಯವಂತ ನಾಯಿ" ಎನ್ನುತ್ತಾ ಬಂದವನು ಅಡಿಗೆಮನೆಯಲ್ಲಿ ಕೆಲಸ ಮಾಡುವ ಚೂಯ್ ಬಾರಾಗಾನ್. "ಈ ಜೈಲಿಂದ ಇಪ್ಪತ್ತು ವರ್ಷದಲ್ಲಿ ಒಬ್ಬ ಮನುಷ್ಯ ಓಡಿಹೋಗಿಲ್ಲ ತಾತ. ಎರಡು ನಾಯಿ ಓಡಿಹೋದ್ವು. ಯಾರಿಗೆ ಬುದ್ಧಿ ಜಾಸ್ತಿ ಹೇಳು." ಅವನು ಗ್ರೇವಿಯ ಕಿವಿ ಹಿಂಡಿ, ಅದನ್ನು ಮೂಲೆಗೆ ಕರೆದುಕೊಂಡು ಹೋದ. ಆರ್ಲೋ ಆಗ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಆ ಒಂದು ನಿಮಿಷವೇ ಅವನ ಮೊದಲ ಉಪಾಯವನ್ನು ಮುಳುಗಿಸಿತು ಎಂಬುದು ಅವನಿಗೆ ಗೊತ್ತಾದದ್ದು ಜಿಮ್ಮಿನಲ್ಲಿ.

ಪರೀಕ್ಷೆ ಮಾಡಲು ಬಂದಿದ್ದವರು ನಾಯಿ ತರಬೇತಿ ಸಂಸ್ಥೆಯ ಮಿಸೆಸ್ ಕ್ವೇಡ್. ಒಣಕಲು ಹೆಂಗಸು, ನೆರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದರು. ಮೂವತ್ತು ವರ್ಷ ನಾಯಿಗಳ ಜೊತೆ ಕಳೆದು ಮನುಷ್ಯರ ಕಡೆ ನಗುವುದನ್ನು ಮರೆತಿದ್ದರು. ಸಿ-ಹೌಸಿನವರೆಲ್ಲ ಮದುವೆಗೆ ಬಂದವರಂತೆ ತಲೆ ಬಾಚಿಕೊಂಡು ಗೋಡೆಯ ಬದಿಯ ಬೆಂಚುಗಳಲ್ಲಿ ಕೂತಿದ್ದರು. ಪರೀಕ್ಷೆಯ ಮಟ್ಟಿಗೆ ಆರ್ಲೋನನ್ನು ನಡೆಯಲಾಗದವನೆಂದು ಲೆಕ್ಕವಿಟ್ಟು ಗಾಲಿಕುರ್ಚಿಯಲ್ಲಿ ಕೂರಿಸಿದರು.

"ಶುರು ಮಾಡಿ" ಎಂದರು ಮಿಸೆಸ್ ಕ್ವೇಡ್.

ನೆಲದ ಮೇಲೆ ಆರು ಸಾಸೇಜ್ ಇಟ್ಟಿದ್ದರು. ಆರ್ಲೋ ಕುರ್ಚಿ ತಳ್ಳಿಕೊಂಡು ಹೊರಟ. ಮೊದಲನೆಯದರ ಹತ್ತಿರ ಬೇಕೆಂದೇ ನಿಧಾನ ಮಾಡಿದ, ಎರಡನೆಯದರ ಹತ್ತಿರ ನಿಂತೇಬಿಟ್ಟ. ಗ್ರೇವಿ ಸಾಸೇಜನ್ನು ನೋಡಿತು, ತೇಗಿತು, ಮುಖ ತಿರುಗಿಸಿತು. ಆರನೆಯದರ ಹತ್ತಿರ ಬರುವಾಗ ಅದಕ್ಕೆ ಸಾಸೇಜ್ ಕಂಡರೇ ಅಸಹ್ಯವೆಂಬಂತಿತ್ತು.

"ಸಂಯಮ" ಎಂದು ಮಿಸೆಸ್ ಕ್ವೇಡ್ ಬರೆದುಕೊಂಡರು. "ಇಂಥ ಸಂಯಮ ನಾನು ಲ್ಯಾಬ್ರಡಾರಲ್ಲಿ ನೋಡಿಲ್ಲ."

ಬೆಂಚಿನಿಂದ ಚೂಯ್ ಆರ್ಲೋನ ಕಡೆ ಕಣ್ಣು ಹೊಡೆದು ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದ. ಬೆಳಿಗ್ಗೆ ಮೂಲೆಯಲ್ಲಿ ತಿನ್ನಿಸಿದ್ದು ಒಂಬತ್ತು ಸಾಸೇಜ್. ಪರೀಕ್ಷೆಗೆ ಹೋಗುವ ಮಗುವಿನ ಹೊಟ್ಟೆ ತುಂಬಿರಬೇಕು ಎಂಬುದು ಅವನ ಅಜ್ಜಿ ಕಲಿಸಿದ ಪಾಠ. ಆರ್ಲೋ ಹಲ್ಲು ಕಚ್ಚಿಕೊಂಡೇ ನಕ್ಕ.

ಎರಡನೆಯದು ಬಿದ್ದ ವಸ್ತು ಎತ್ತಿಕೊಡುವುದು. ಮಿಸೆಸ್ ಕ್ವೇಡ್ ತಮ್ಮ ಕೀಗೊಂಚಲನ್ನು ಕುರ್ಚಿಯ ಮುಂದೆ ಬೀಳಿಸಿದರು.

"ತಗೋ, ಗ್ರೇವಿ" ಎಂದ ಆರ್ಲೋ, ಜೊತೆಗೇ ಎಡಗಾಲನ್ನು ಸ್ವಲ್ಪ ಮುಂದೆ ಚಾಚಿದ.

ಗ್ರೇವಿಯ ಮೂಗು ಅರಳಿತು. ಸಾಸೇಜಿಗೆ ಬೇಸತ್ತ ನಾಲಗೆಗೆ ಪೀನಟ್ ಬಟರಿನ ಮೇಲೆ ಯಾವ ಬೇಸರವೂ ಇರಲಿಲ್ಲ. ಅದು ಕೀಗೊಂಚಲನ್ನು ದಾಟಿ ನೇರ ಕಾಲಿಗೇ ಬಂತು. ಆರ್ಲೋನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬೆಂಚಿನವರು ಕತ್ತು ಚಾಚಿದರು. ಗ್ರೇವಿ ಶೂ ಲೇಸಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯಿತು, ಗಂಟು ಬಿಚ್ಚಿತು. ಹಿಮ್ಮಡಿ ಹಿಡಿದು ಶೂ ಕಳಚಿತು. ಆಮೇಲೆ ಸಾಕ್ಸಿನ ತುದಿಯನ್ನು, ಒಳಗಿನ ಬೆರಳಿಗೆ ಚೂರೂ ನೋಯದ ಹಾಗೆ, ನಾಜೂಕಾಗಿ ಎಳೆದು ಬಿಚ್ಚಿ, ಅದನ್ನು ಒಳಗಿನಿಂದ ಹೊರಗಿನಿಂದ ನೆಕ್ಕಿ, ಆರ್ಲೋನ ಮಡಿಲಲ್ಲಿಟ್ಟಿತು. ಕೊನೆಗೆ, ಹೇಗೂ ಬಂದಿದ್ದೇನಲ್ಲ ಎಂಬಂತೆ, ಕೀಗೊಂಚಲನ್ನೂ ತಂದು ಅದರ ಮೇಲಿಟ್ಟಿತು.

ಮಿಸೆಸ್ ಕ್ವೇಡ್ ಕನ್ನಡಕ ತೆಗೆದರು. "ಇದನ್ನ ಕಲಿಸಿದ್ದು ಯಾರು?"

"ಯಾರೂ ಇಲ್ಲ ಮೇಡಂ. ತಪ್ಪು ಮಾಡ್ತು. ದಯವಿಟ್ಟು ತಪ್ಪು ಅಂತಾನೇ ಬರ್ಕೊಳಿ."

"ತಪ್ಪಾ? ಬಗ್ಗೋಕಾಗದವರಿಗೆ ಶೂ, ಸಾಕ್ಸ್ ಬಿಚ್ಚಿಕೊಡೋದು ನಾವು ಎರಡನೇ ವರ್ಷದಲ್ಲಿ ಹೇಳಿಕೊಡೋ ಪಾಠ. ಹತ್ತರಲ್ಲಿ ಆರು ನಾಯಿ ಕಲಿಯೋದೇ ಇಲ್ಲ. ಮಿಸ್ಟರ್ ಫಿಂಕ್, ನಿಮ್ಮ ವಿನಯ ಸಾಕು."

ಬೆಂಚುಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ. "ನಾನೇ ಹೇಳಿಕೊಟ್ಟಿದ್ದು" ಎಂದು ರೂಫಸ್ ಪಕ್ಕದವನಿಗೆ ಹೇಳುವುದು ಆರ್ಲೋನಿಗೆ ಕೇಳಿಸಿತು. ಅವನು ಒಂದು ಕಾಲು ಬರಿದಾಗಿ, ಪೀನಟ್ ಬಟರ್ ಅಂಟಿಕೊಂಡು, ಕುರ್ಚಿಯಲ್ಲಿ ಕುಸಿದು ಕೂತಿದ್ದ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುವುದು ಇಂಥವರನ್ನು ನೋಡಿಯೇ.

ಆದರೂ ಅವನ ಕೈಯಲ್ಲಿ ಮೂರನೆಯದೊಂದು ಉಳಿದಿತ್ತು.

ಜೈಲಿನಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ. ಬಾಗಿಲ ಮುಂದೆ ನಿಲ್ಲಬೇಕು, ಮೇಲೆ ಗಾಜಿನ ಕೋಣೆಯಲ್ಲಿ ಕೂತವನು ಗುಂಡಿ ಒತ್ತಬೇಕು, 'ಝುಂಯ್' ಎಂದು ಬಜರ್ ಕೂಗಬೇಕು, ಆಗ ದಾಟಬೇಕು. ಎರಡು ತಿಂಗಳ ಮರಿಯಿಂದಲೂ ಗ್ರೇವಿ ಕಂಡ ಬಾಗಿಲುಗಳೆಲ್ಲ ಇಂಥವೇ. ಹಾಗಾಗಿ ಬಾಗಿಲು ಬಾಯಿ ತೆರೆದುಕೊಂಡೇ ಇದ್ದರೂ ಬಜರ್ ಆಗುವ ತನಕ ಅದು ಹೊಸಿಲ ಮುಂದೆ ಕೂತುಬಿಡುತ್ತಿತ್ತು. ಕೈಪಿಡಿಯ ಪ್ರಕಾರ ಈ ಚಾಳಿ ಬಿಡಿಸಬೇಕಿತ್ತು. ಆರ್ಲೋ ಒಂದು ತಿಂಗಳಿಂದ ಯಾರೂ ನೋಡದಾಗ ಹಾಗೆ ಕೂತದ್ದಕ್ಕೆಲ್ಲ ಒಂದೊಂದು ಬಿಸ್ಕತ್ತು ಕೊಟ್ಟು ಅದನ್ನು ಗಟ್ಟಿ ಮಾಡಿದ್ದ.

ಜಿಮ್ಮಿನಿಂದ ಅಂಗಳಕ್ಕೆ ಹೋಗುವ ದೊಡ್ಡ ಬಾಗಿಲನ್ನು ಪೂರ್ತಿ ತೆರೆದು ಇಟ್ಟಿಗೆ ಕೊಟ್ಟು ನಿಲ್ಲಿಸಿದರು. ಮಿಸೆಸ್ ಕ್ವೇಡ್ ಆಚೆ ಹೋಗಿ ಬಿಸಿಲಲ್ಲಿ ನಿಂತು ಕರೆದರು. "ಗ್ರೇವಿ, ಬಾ."

ಗ್ರೇವಿ ಓಡಿತು. ಹೊಸಿಲ ಹತ್ತಿರ ಹೋಗಿ ಕೂತುಬಿಟ್ಟಿತು.

"ಬಾ ಗ್ರೇವಿ. ಬಾರೋ."

ಗ್ರೇವಿ ಬಾಲ ಅಲ್ಲಾಡಿಸಿತು, ತಲೆಯೆತ್ತಿ ಗಾಜಿನ ಕೋಣೆಯ ಕಡೆ ನೋಡಿತು, ಕೂತೇ ಇತ್ತು. ಅಂಗಳದಲ್ಲಿ ಒಂದು ಅಳಿಲು ಬಂದು ಹೋಯಿತು. ಮಿಸೆಸ್ ಕ್ವೇಡ್ ಚೆಂಡು ಉರುಳಿಸಿದರು, ಶಿಳ್ಳೆ ಹಾಕಿದರು, ಕೊನೆಗೆ ಮಂಡಿಯೂರಿ ಅಂಗಲಾಚಿದರು. ನಾಯಿ ಮಾತ್ರ ಅಲುಗಲಿಲ್ಲ.

"ಝುಂಯ್" ಎಂದ ಚೂಯ್, ಬೆಂಚಿನಿಂದ, ಬಾಯಲ್ಲೇ. ಇನ್ನೊಬ್ಬನೂ ಸೇರಿಕೊಂಡ. ಕ್ಷಣದಲ್ಲಿ ನಲವತ್ತೇಳು ಜನ ಜೇನುಗೂಡಿನಂತೆ ಝೇಂಕರಿಸತೊಡಗಿದರು. ಗ್ರೇವಿ ತಿರುಗಿ, ಪಾಪ ಇವರಿಗೇನಾಯಿತು ಎಂಬಂತೆ ನೋಡಿತು. ಅಸಲಿ ಬಜರ್ ಯಾವುದು, ನಕಲಿ ಯಾವುದು ಎಂದು ತಿಳಿಯದಷ್ಟು ದಡ್ಡ ನಾಯಿಯಲ್ಲ ಅದು.

"ಎಲ್ಲ ಬಾಯಿ ಮುಚ್ಚಿ" ಎಂದು ಸಾರ್ಜೆಂಟ್ ವೀಲ್ಯಾಂಡ್ ಗದರಿದರು.

"ಮೇಲಿನವನಿಗೆ ಒಂದು ಸಲ ಒತ್ತೋಕೆ ಹೇಳಿ ಸಾರ್" ಎಂದ ರೂಫಸ್. "ಅದರದ್ದೇನೂ ತಪ್ಪಿಲ್ಲ ಮೇಡಂ, ನಾವೆಲ್ಲ ಹಂಗೇನೆ. ನಮ್ಮ ಜೊತೆ ಇದ್ದ ಒಬ್ಬ ಬಿಡುಗಡೆಯಾಗಿ ಹೋಗಿ, ತನ್ನ ಮನೆ ಬಚ್ಚಲ ಬಾಗಿಲ ಮುಂದೆ ಮುಕ್ಕಾಲು ಗಂಟೆ ನಿಂತಿದ್ನಂತೆ."

"ಜನರ ಮನೆಗಳಲ್ಲಿ ಬಜರ್ ಇರಲ್ಲ" ಎಂದರು ಮಿಸೆಸ್ ಕ್ವೇಡ್. "ಮನೆಗೆ ಬೆಂಕಿ ಬಿದ್ದರೆ ಈ ನಾಯಿ ಯಜಮಾನನ ಜೊತೆ ಒಳಗೇ ಕೂತಿರುತ್ತೆ. ಆಗಲ್ಲ. ಪಾಸು ಮಾಡೋಕಾಗಲ್ಲ."

ಬೆಂಚುಗಳಿಂದ ಒಂದೇ ನಿಟ್ಟುಸಿರು ಬಂತು. ಚೂಯ್ ಟೋಪಿ ತೆಗೆದು ಎದೆಗೆ ಹಿಡಿದ. ಆರ್ಲೋ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ, ನಗು ಕಾಣಿಸಬಾರದೆಂದು. ಒಳಗೊಳಗೇ ಅವನು ಆಗಲೇ ಟ್ರೇಲರಿನ ಮೆಟ್ಟಿಲ ಪಕ್ಕ ನಾಯಿಗೊಂದು ಮನೆ ಕಟ್ಟಿ, ಬಣ್ಣ ಹೊಡೆದು, ಗ್ರೇವಿಯನ್ನು ಕರೆದುಕೊಂಡು ನದಿಗೆ ಮೀನು ಹಿಡಿಯಲು ಹೊರಟಿದ್ದ.

"ಹೋಗ್ಲಿ ಬಿಡು ಮರಿ, ಅಳಬೇಡ" ಎಂದು ರೂಫಸ್ ಬಂದು ಬೆನ್ನು ಸವರಿದ.

ತಕ್ಕಷ್ಟು ಹೊತ್ತು ದುಃಖಪಟ್ಟ ಮೇಲೆ ಆರ್ಲೋ ಜೇಬಿನಿಂದ ಮಡಿಸಿದ ಹಾಳೆ ತೆಗೆದ. "ಮೇಡಂ, ಹನ್ನೊಂದನೇ ಪುಟ. ನನ್ನ ಬಿಡುಗಡೆಗೆ ಇನ್ನು ಐದೇ ವಾರ. ನಾಯಿ ಹೇಗೂ ಯಾರಿಗೂ ಬೇಡ..."

ಮಿಸೆಸ್ ಕ್ವೇಡ್ ಹಾಳೆಯನ್ನು ಓದಿದರು. ಆ ಮುಖದಲ್ಲಿ ಮೊದಲ ಬಾರಿಗೆ ನಗುವಿನಂಥದ್ದೊಂದು ಕಂಡಿತು. "ಇದನ್ನ ಯಾರೋ ಓದಿದಾರೆ ಅನ್ನೋದೇ ಸಂತೋಷ. ಆಗಬಹುದು ಮಿಸ್ಟರ್ ಫಿಂಕ್. ನೀವೇ ಇಟ್ಕೊಳ್ಳಿ." ಅವರು ಪೆನ್ನು ತೆಗೆದು ಫಾರ್ಮಿನ ಮೇಲೆ ಆರ್ಲೋನ ಹೆಸರಿನ ಮೊದಲಕ್ಷರವನ್ನೂ ಬರೆದರು.

"ಒಂದ್ನಿಮಿಷ ಮೇಡಂ" ಎಂದರು ಸಾರ್ಜೆಂಟ್ ವೀಲ್ಯಾಂಡ್.

ಅವರು ಇಷ್ಟು ಹೊತ್ತೂ ಹೊಸಿಲ ಹತ್ತಿರ ನಿಂತು ಗ್ರೇವಿಯನ್ನೇ ನೋಡುತ್ತಿದ್ದರು. ಬಾಗಿಲು ಇನ್ನೂ ತೆರೆದೇ ಇತ್ತು, ಗ್ರೇವಿ ಇನ್ನೂ ಕೂತೇ ಇತ್ತು. ಅಂಗಳದ ಆಚೆ, ಸಾಮಾನಿನ ಲಾರಿಗೆಂದು ತೆಗೆದ ದೊಡ್ಡ ಗೇಟೂ ಕಾಣಿಸುತ್ತಿತ್ತು. ಸಾರ್ಜೆಂಟರು ಗೋಡೆಯ ಫೋನೆತ್ತಿ ಜೈಲಿನ ಮುಖ್ಯಸ್ಥರಾದ ವಾರ್ಡನ್ನರ ಜೊತೆ ಮಾತಾಡಿದರು. ಬಾಯಿಗೆ ಕೈ ಅಡ್ಡ ಇಟ್ಟಿದ್ದರಿಂದ ಕೇಳಿಸಿದ್ದು "ಹೌದು ಸಾರ್, ತೆರೆದೇ ಇದೆ ಸಾರ್, ಕೂತಿದೆ ಸಾರ್" ಎಂಬಷ್ಟೇ.

"ಆಸ್ಪತ್ರೆ ವಾರ್ಡಲ್ಲಿ ಹನ್ನೆರಡು ಜನ ಮುದುಕರಿದಾರೆ ಮೇಡಂ" ಎಂದರು ಫೋನಿಟ್ಟು. "ಎದ್ದು ಕೂರೋಕಾಗಲ್ಲ, ನೋಡೋಕೆ ಯಾರೂ ಬರಲ್ಲ. ಅವರ ಜೊತೆ ಇರೋಕೆ ಒಂದು ನಾಯಿ ಬೇಕು ಅಂತ ಡಾಕ್ಟರಮ್ಮ ಎರಡು ವರ್ಷದಿಂದ ಕೇಳ್ತಿದಾರೆ. ಎರಡು ಕೊಟ್ವಿ, ಎರಡೂ ಗೇಟಲ್ಲಿ ಪರಾರಿ. ಗೇಟು ತೆಗೆದಿದ್ರೂ ಹೊರಗೆ ಹೋಗದೆ ಇರೋ ನಾಯಿ ಭೂಮಿ ಮೇಲೆ ಎಲ್ಲಾದ್ರೂ ಇದ್ರೆ ತಕ್ಷಣ ತಿಳಿಸು ಅಂದಿದ್ರು ವಾರ್ಡನ್ನರು."

ಮಿಸೆಸ್ ಕ್ವೇಡ್ ಗ್ರೇವಿಯ ಕಡೆ ನೋಡಿದರು. "ಮತ್ತೆ ಅದು ಶೂ, ಸಾಕ್ಸೂ ಬಿಚ್ಚುತ್ತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಬರೆದಿದ್ದ ಅಕ್ಷರವನ್ನು ಹೊಡೆದುಹಾಕಿದರು. "ಕೆಲಸ ಸಿಕ್ಕ ನಾಯಿ ನಪಾಸು ಅಲ್ಲ."

"ಎಷ್ಟು ದಿನಕ್ಕೆ ಮೇಡಂ ಆ ಕೆಲಸ?" ಆರ್ಲೋನ ದನಿ ಅವನಿಗೇ ಕೇಳಿಸಲಿಲ್ಲ.

"ದಿನ ಏನು ಬಂತು? ಜೀವ ಇರೋ ತನಕ."

ಬೆಂಚುಗಳಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಚೂಯ್ ಯಾರನ್ನೋ ತಬ್ಬಿಕೊಂಡಿದ್ದ. ಚೆರ್ರಿ ಪೈ ಸಂಜೆಗೇ ಎಂದು ಸಾರ್ಜೆಂಟರು ಘೋಷಿಸಿದರು.

ಆರ್ಲೋ ಗಾಲಿಕುರ್ಚಿಯಿಂದ ಎದ್ದು, ಒಂದೇ ಶೂನಲ್ಲಿ ಕುಂಟುತ್ತಾ ಬಂದ. "ಸಾರ್, ಅದನ್ನ ನೋಡ್ಕೊಳೋಕೆ ವಾರ್ಡಲ್ಲಿ ಒಬ್ಬರು ಬೇಕಲ್ವಾ? ನಾನಿರ್ತೀನಿ."

"ಬೇಕು. ಆದ್ರೆ ನಾಯಿ ಅವರಿಗೆ ಹೊಂದಿಕೊಂಡ ಮೇಲೆ ಬಿಟ್ಟು ಹೋಗೋ ಹಾಗಿಲ್ಲ. ಕಮ್ಮಿ ಅಂದ್ರೆ ಐದು ವರ್ಷ ಬಾಕಿ ಇರೋನೇ ಆಗಬೇಕು, ನಿಯಮ. ನಿಂದೆಷ್ಟಿದೆ?"

"ಐದು ವಾರ."

"ಅಯ್ಯೋ ಪಾಪ" ಎಂದರು ಸಾರ್ಜೆಂಟ್. ಇಷ್ಟು ವರ್ಷದ ನೌಕರಿಯಲ್ಲಿ ಅವರು ಐದು ವಾರ ಉಳಿದವನಿಗೆ ಈ ಮಾತು ಹೇಳಿದ್ದು ಇದೇ ಮೊದಲು.

"ನಾಯಿ ಸಾಕಿದ್ದಕ್ಕೆ ಅಂತ ತೊಂಬತ್ತು ದಿನ ಕಳೆದಿದೀರಲ್ಲ ಸಾರ್. ಅದನ್ನ ವಾಪಸ್ ತಗೊಳ್ಳಿ."

"ಅದಕ್ಕೆ ಫಾರ್ಮ್ ಇಲ್ಲ ಫಿಂಕ್."

"ಹೊರಗಿಂದ ಬಂದು ನೋಡಬಹುದಾ?"

"ಬಿಡುಗಡೆಯಾದವನು ಒಂದು ವರ್ಷ ಈ ಕಡೆ ಕಾಲಿಡೋ ಹಾಗಿಲ್ಲ. ಅದೂ ಕೈಪಿಡೀಲಿದೆ, ಹನ್ನೆರಡನೇ ಪುಟ. ಓದಿಲ್ವಾ?"

ಆರ್ಲೋ ಓದಿರಲಿಲ್ಲ. ಹನ್ನೊಂದಕ್ಕೇ ಅವನ ಜ್ವರ ಬಿಟ್ಟಿತ್ತು.

ಹಿಂದಿನಿಂದ ರೂಫಸ್ ಕೆಮ್ಮಿದ. ಅವನ ಕೈ ಆಗಲೇ ಮೇಲೆ ಎದ್ದಿತ್ತು. "ನನ್ನದು ಬೇಕಾದಷ್ಟು ಬಾಕಿ ಇದೆ ಸಾರ್" ಎಂದ, ಸ್ವಲ್ಪ ಸಂಕೋಚದಿಂದ. ಆಮೇಲೆ ಆರ್ಲೋನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಚೆನ್ನಾಗಿ ನೋಡ್ಕೋತೀನಿ ಮರಿ. ಆ ಮುಲಾಮು ಎಲ್ಲಿಟ್ಟಿದೀಯ ಹೇಳು."

ಸಂಜೆ ನಾಲ್ಕರ ಎಣಿಕೆಗೆ ಮೊದಲು ರೂಫಸ್ ಗ್ರೇವಿಯನ್ನು ಕರೆದುಕೊಂಡು ಆಸ್ಪತ್ರೆ ವಾರ್ಡಿನ ಬಾಗಿಲ ಮುಂದೆ ನಿಂತ. ಆರ್ಲೋ ಓಣಿಯ ಈ ತುದಿಯಲ್ಲಿ ನಿಂತು ನೋಡುತ್ತಿದ್ದ. ಗ್ರೇವಿ ಒಮ್ಮೆ ತಿರುಗಿ ಅವನನ್ನು ನೋಡಿತು. ಅವನು ಒಂದು ಸಲ ಕರೆದಿದ್ದರೂ ಓಡಿ ಬರುತ್ತಿತ್ತೇನೋ. ಅಷ್ಟರಲ್ಲಿ ಝುಂಯ್ ಎಂದು ಅಸಲಿ ಬಜರ್ ಆಯಿತು. ಗ್ರೇವಿ ಬಾಲ ಎತ್ತಿಕೊಂಡು, ಹೇಳಿಕೊಟ್ಟ ಹಾಗೆಯೇ, ಅಚ್ಚುಕಟ್ಟಾಗಿ ಒಳಗೆ ಹೋಯಿತು. ಬಾಗಿಲು ಮುಚ್ಚಿತು.

ಆವತ್ತಿನ ಎಣಿಕೆ ಸಾರ್ಜೆಂಟ್ ವೀಲ್ಯಾಂಡರಿಗೆ ಒಂದೇ ಸಲಕ್ಕೆ ಸರಿಯಾಗಿ ಬಂತು. ಖುಷಿಯಾಗಿ ಅವರು ಆರ್ಲೋನ ಮುಂದೆ ಒಂದು ಕ್ಷಣ ನಿಂತರು. "ಬೇಜಾರು ಮಾಡ್ಕೋಬೇಡಯ್ಯ. ಐದು ವಾರ ಅಂದ್ರೆ ಏನು, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಹೋಗುತ್ತೆ."

"ಸಾರ್, ಒಂದು ಮಾತು" ಎಂದ ಆರ್ಲೋ. ಪೈ ತಟ್ಟೆ ಅವನ ಮಂಚದ ಮೇಲೆ ಮುಟ್ಟದೆ ಕೂತಿತ್ತು. "ನಮ್ಮ ವಾರ್ಡನ್ ಸಾಹೇಬರ ಮನೆ ಊರೊಳಗೇ ಅಲ್ವಾ?"

"ಹೌದು. ಚರ್ಚಿನ ಹಿಂದೆ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ. ಗ್ಯಾರೇಜ್ ಇದೆಯಾ ಸಾರ್ ಅವರಿಗೆ?"

ಈ ಸಲ ಹಿಮ ಬೇಗ ಬೀಳುತ್ತದೆ, ನವೆಂಬರ್ ಕೊನೆಯ ವಾರಕ್ಕೇ ಶುರುವಾಗಬಹುದು ಎಂದು ಬೆಳಿಗ್ಗೆ ರೇಡಿಯೊದಲ್ಲಿ ಹೇಳಿದ್ದರು.